ಬೈಗುಳದ ಚೀಟಿ

ಆಲ್ಡರ್‌ಮೇರ್ ಪಟ್ಟಣದಲ್ಲಿ, ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಒಬ್ಬಳೇ ಸಾಸಿವೆ ಅರೆದು ಮಾರುವ ಹಿಲ್ಲೆಗೂ, ಕಾಲುವೆಯ ಆಚೆ ದಡದಲ್ಲಿ ವಿನೆಗರ್ ಮಾಡುವ ಲುಬ್ಬರ್ಟನಿಗೂ ಮಾತು ಬಿಟ್ಟು ಹಲವು ವರ್ಷಗಳಾಗಿದ್ದವು. ಮಾತು ಬಿಟ್ಟಿದ್ದರು ಎಂದರೆ ಮುಖಕ್ಕೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ, ಅಷ್ಟೇ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಹಿಲ್ಲೆ ತನ್ನ ಬೆಕ್ಕಿಗೆ, "ಈ ಕಡೆ ಬಾರೇ, ಆಚೆ ದಡದ ಗಾಳಿ ಕುಡಿದ್ರೆ ಹೊಟ್ಟೇಲಿರೋ ಹಾಲೂ ಒಡೆದುಹೋಗುತ್ತೆ," ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳುತ್ತಿದ್ದಳು. ಲುಬ್ಬರ್ಟ್ ತನ್ನ ಪೀಪಾಯಿಗಳನ್ನು ಮಾತಾಡಿಸುತ್ತಿದ್ದ. "ನೀವೇ ವಾಸಿ ಕಣ್ರಪ್ಪಾ. ಮುಚ್ಚಳ ಹಾಕಿದ್ರೆ ಬಾಯಿ ಮುಚ್ಚುತ್ತೆ."

ಜಗಳದ ಮೂಲ ಸಾಸಿವೆಯಷ್ಟೇ ಸಣ್ಣದು. ಮೀನಿನ ವ್ಯಾಪಾರಿಯೊಬ್ಬ ಹಿಲ್ಲೆಯ ಸಾಸಿವೆಯ ಜಾಡಿಯನ್ನು ವಾಪಸು ತಂದು, ಇದರಲ್ಲಿ ಖಾರವೇ ಇಲ್ಲ ಎಂದಿದ್ದ. ಸಾಸಿವೆ ಅರೆಯಲು ಕೊಟ್ಟ ವಿನೆಗರಿಗೆ ಲುಬ್ಬರ್ಟ್ ನೀರು ಬೆರೆಸಿದ್ದಾನೆ, ಅದಕ್ಕೇ ಹೀಗೆ ಎಂದು ಹಿಲ್ಲೆ ಹೇಳಿದಳು. ಸಾಸಿವೆಗೆ ಹಿಟ್ಟು ಬೆರೆಸಿದ್ದಾಳೆ, ಅದಕ್ಕೇ ಹೀಗೆ ಎಂದು ಲುಬ್ಬರ್ಟ್ ಹೇಳಿದ. ಅಂದಿನಿಂದ ಹಿಲ್ಲೆ ವಿನೆಗರನ್ನು ಪಕ್ಕದ ಊರಿನಿಂದ ದೋಣಿಯಲ್ಲಿ ತರಿಸುತ್ತಿದ್ದಳು. ಅದು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೆ ಆ ಮಾತನ್ನು ಅವಳು ಬೆಕ್ಕಿಗೂ ಹೇಳಿರಲಿಲ್ಲ.

ಹೀಗಿರುವಾಗ ಊರಿಗೆ ಲಾಟರಿ ಬಂತು.

ಸ್ಪೇನಿನ ಸೈನ್ಯ ಬಂದುಹೋದ ಮೇಲೆ ಊರಿನ ವೃದ್ಧರ ಮನೆ ಸುಟ್ಟು ಗೋಡೆಗಳಷ್ಟೇ ಉಳಿದಿದ್ದವು. ದಿಕ್ಕಿಲ್ಲದ ಮುದುಕ ಮುದುಕಿಯರು ಚರ್ಚಿನ ಮೊಗಸಾಲೆಯಲ್ಲಿ ಮಲಗುತ್ತಿದ್ದರು. ಹೊಸ ಮನೆ ಕಟ್ಟಬೇಕೆಂದು ನಗರಸಭೆಯಲ್ಲಿ ಎಲ್ಲರೂ ಒಪ್ಪಿದರು. ದುಡ್ಡು ಎಲ್ಲಿಂದ ಎಂದಾಗ ಎಲ್ಲರೂ ಕಿಟಕಿಯ ಆಚೆ ನೋಡಿದರು. ಆಗ ಫ್ಲೋರಿಸ್ ಎಂಬ ಬಟ್ಟೆ ವ್ಯಾಪಾರಿ ಎದ್ದುನಿಂತ. ಬಿಳಿ ಗಡ್ಡ, ಮೆತ್ತಗಿನ ಮಾತು, ಎದುರಿನವನ ಜೇಬು ಎಷ್ಟು ಆಳವೆಂದು ನೋಡಿದ ಕೂಡಲೇ ಹೇಳಬಲ್ಲ ಕಣ್ಣು. "ತೆರಿಗೆ ಅಂದ್ರೆ ಜನ ಕಲ್ಲು ಹೊಡೀತಾರೆ. ಲಾಟರಿ ಅಂದ್ರೆ ಅವರೇ ಸಾಲಾಗಿ ನಿಂತು ಕೊಡ್ತಾರೆ. ಕೊಟ್ಟು, ಥ್ಯಾಂಕ್ಸ್ ಬೇರೆ ಹೇಳ್ತಾರೆ," ಎಂದ. ಲಾಟರಿಯ ಯಜಮಾನಿಕೆ ಅವನಿಗೇ ಬಂತು.

ಆಗಿನ ಪದ್ಧತಿಯಂತೆ, ಚೀಟಿ ಕೊಂಡವರು ಅದರ ಮೇಲೆ ತಮ್ಮ ಹೆಸರಿನ ಜೊತೆಗೆ ಎರಡು ಸಾಲಿನ ಪದ್ಯವನ್ನೂ ಬರೆಯಬೇಕಿತ್ತು. ಆ ಚೀಟಿಗಳೆಲ್ಲ ಒಂದು ಬುಟ್ಟಿಗೆ. ಇನ್ನೊಂದು ಬುಟ್ಟಿಯಲ್ಲಿ ಅಷ್ಟೇ ಚೀಟಿಗಳು. ಹೆಚ್ಚಿನವು ಖಾಲಿ, ಕೆಲವಕ್ಕೆ ಮಾತ್ರ ಬೆಳ್ಳಿಯ ಬಹುಮಾನ. ಡ್ರಾ ಹಲವು ದಿನ ನಡೆಯುತ್ತದೆ; ಆ ದಿನಗಳಲ್ಲಿ ಚೌಕದಲ್ಲಿ ಕಟ್ಟಿದ ಅಟ್ಟದ ಮೇಲೆ ಒಬ್ಬ ಮೊದಲ ಬುಟ್ಟಿಯ ಚೀಟಿ ತೆಗೆದು ಪದ್ಯ ಓದುತ್ತಾನೆ, ಇನ್ನೊಬ್ಬ ಎರಡನೆಯ ಬುಟ್ಟಿಗೆ ಕೈಹಾಕಿ ಅದೃಷ್ಟ ಹೇಳುತ್ತಾನೆ. ಒಂದು ಚೀಟಿಯನ್ನೂ ಬಿಡುವಂತಿಲ್ಲ. ಜನ ಬೆಳ್ಳಿಯ ಆಸೆಗೆ ಬರುತ್ತಿದ್ದರೋ ಪಕ್ಕದ ಮನೆಯವರ ಪದ್ಯ ಕೇಳಲು ಬರುತ್ತಿದ್ದರೋ, ಹೇಳುವುದು ಕಷ್ಟ.

ಹಿಲ್ಲೆ ಮೊದಲ ಚೀಟಿ ಕೊಳ್ಳಲು ಹೋದದ್ದು ಒಳ್ಳೆಯ ಮನಸ್ಸಿನಿಂದಲೇ. ಸರಕು ತೂಗುವ ತೂಕದ ಮನೆಯಲ್ಲಿ ಚೀಟಿ ಮಾರುತ್ತಿದ್ದ ಫ್ಲೋರಿಸನ ಮೇಜಿನ ಪಕ್ಕದಲ್ಲೇ ಶಾಲೆಯ ಮೇಷ್ಟ್ರು ಆಂಬ್ರೋಸ್ ಇನ್ನೊಂದು ಮೇಜು ಹಾಕಿಕೊಂಡು ಕೂತಿದ್ದರು. ಪದ್ಯ ಕಟ್ಟಲು ಬಾರದವರಿಗೆ ಕಟ್ಟಿಕೊಡುವುದು ಅವರ ಕೆಲಸ.

"ಏನು ಬರೀಲಮ್ಮ?" ಎಂದರು ಮೇಷ್ಟ್ರು.

"ಒಳ್ಳೇದು ಏನಾದ್ರೂ ಬರೀರಿ. ದೇವರು, ಮುದುಕರು, ಪುಣ್ಯ... ಹಾಗೆ."

ಮೇಷ್ಟ್ರು ಲೇಖನಿಯನ್ನು ಮಸಿಯಲ್ಲಿ ಅದ್ದಿ ನಿಟ್ಟುಸಿರು ಬಿಟ್ಟರು. "ಬರೆಯೋಣ. ಪಾಪ, ನೀವು ಪುಣ್ಯ ಬರೆಸ್ತೀರಿ. ಕೆಲವರು ಏನೇನೋ ಬರೆಸ್ತಾರೆ."

"ಯಾರು?"

"ಹೇಳೋ ಹಾಗಿಲ್ಲ. ಆಣೆ ಮಾಡಿದೀನಿ."

"ಹೇಳ್ಬೇಡಿ ಬಿಡಿ." ಹಿಲ್ಲೆ ಮೇಜಿನ ಮೇಲೆ ಬಗ್ಗಿದಳು. "ಅವರ ಮೈಮೇಲೆ ವಿನೆಗರ್ ವಾಸನೆ ಬರ್ತಿತ್ತಾ?"

ಮೇಷ್ಟ್ರು ತೊಲೆಗಳನ್ನು ನೋಡಿದರು. "‘ಹಿಲ್ಲೆ’ ಅನ್ನೋದಕ್ಕೆ ಪ್ರಾಸ ಬೇಕು ಅಂದ್ರು. ‘ನಿಲ್ಲೆ’ ಅಂತ ಕೊಟ್ಟೆ. ಹಿಟ್ಟಿನ ವಿಷಯವೂ ಸ್ವಲ್ಪ ಬರುತ್ತೆ. ಇನ್ನು ನನ್ನ ಬಾಯಿ ಬಿಡಿಸ್ಬೇಡಿ."

ಹಿಲ್ಲೆಯ ಕಿವಿ ಕೆಂಪಾಯಿತು. "ಲುಬ್ಬ ಅನ್ನೋದಕ್ಕೆ ಪ್ರಾಸ ಇದೆಯಾ ಮೇಷ್ಟ್ರೇ?"

"ಒಬ್ಬ, ಹಬ್ಬ, ಕೊಬ್ಬು, ಉಬ್ಬು... ಬೇಕಾದಷ್ಟಿದೆ."

"ಎಲ್ಲಾ ಕೊಡಿ."

ಹಾಗೆ ಹುಟ್ಟಿದ್ದು ಈ ಪದ್ಯ:

ಕಾಲುವೆ ನೀರಿಗೆ ಮುಖವನು ತೋರಿಸಿ ಹುಳಿ ಮಾಡುವನೊಬ್ಬ;
ಅಂಥಾ ಮುಖವೇ ಇರುವಾಗ ನಿನಗೆ ಪೀಪಾಯಿ ಯಾಕೋ ಲುಬ್ಬ?

ಆಮೇಲೆ ನಡೆದದ್ದನ್ನು ಊರೆಲ್ಲ ಕಣ್ಣಾರೆ ನೋಡಿತು. ಹಿಲ್ಲೆ ಬಂದುಹೋದ ಮಾರನೆಯ ದಿನ ಲುಬ್ಬರ್ಟ್ ಬರುತ್ತಿದ್ದ. ಮೇಷ್ಟ್ರು ಅವನಿಗೂ ತಾವು ಆಣೆ ಮಾಡಿರುವುದನ್ನು ಹೇಳಿ, ಆಮೇಲೆ ‘ಮುಖ’ ಎಂಬ ಒಂದೇ ಒಂದು ಪದವನ್ನು ಬಾಯಿತಪ್ಪಿ ಬಿಡುತ್ತಿದ್ದರು. ಲುಬ್ಬರ್ಟ್ ಮೂರು ಚೀಟಿ ಕೊಂಡರೆ ಹಿಲ್ಲೆ ಆರು. ಮೇಷ್ಟ್ರಿಗೆ ಹೊಸ ಕೋಟು ಬಂತು. ಚೀಟಿ ಮಾರಾಟ ಮುಗಿಯಬೇಕಿದ್ದ ದಿನವನ್ನು ಫ್ಲೋರಿಸ್ ಮುಂದಕ್ಕೆ ಹಾಕಿದ, ಮತ್ತೆ ಇನ್ನೊಮ್ಮೆ ಮುಂದಕ್ಕೆ ಹಾಕಿದ. "ಈ ಇಬ್ಬರು ಹೀಗೇ ಕಿತ್ತಾಡಿದ್ರೆ ಗೋಡೆ ಏಳುತ್ತೆ. ಇನ್ನೂ ಸ್ವಲ್ಪ ಕಿತ್ತಾಡಿದ್ರೆ ಹೆಂಚೂ ಹೊದಿಸಬಹುದು," ಎಂದು ಅವನು ನಗರಸಭೆಗೆ ವರದಿ ಕೊಟ್ಟ. ಚಳಿಗಾಲದ ಮೊದಲ ಗಾಳಿ ಬೀಸುವ ಹೊತ್ತಿಗೆ ಅವನು ಹಿಲ್ಲೆಯ ಅಂಗಡಿಗೇ ಬಂದು, ಒಂದು ಸಣ್ಣ ಜಾಡಿ ಸಾಸಿವೆ ಕೊಂಡು, ಹೊರಡುವಾಗ ಹೊಸಿಲ ಮೇಲೆ ನಿಂತು, "ಲುಬ್ಬರ್ಟ್ ಇವತ್ತು ಬಂದಿದ್ದ. ನಗ್ತಾ ನಗ್ತಾ ಹೋದ. ಯಾಕೋ ಗೊತ್ತಿಲ್ಲಪ್ಪ," ಎಂದು ಹೇಳಿ ಟೋಪಿ ಸರಿಮಾಡಿಕೊಂಡು ಹೊರಟ.

ನಗುತ್ತಾ ಹೋದ! ಹಿಲ್ಲೆಗೆ ಅದು ತಡೆಯಲಾಗಲಿಲ್ಲ. ಅಂಗಡಿ ಮುಚ್ಚಿ, ದಾರಿಯುದ್ದಕ್ಕೂ ತಾನೇ ಸಾಲು ಕಟ್ಟಿಕೊಂಡು ತೂಕದ ಮನೆಗೆ ನಡೆದಳು.

ಲುಬ್ಬರ್ಟನ ಬಗ್ಗೆ ಊರಿನಲ್ಲಿ ಯಾರೂ ಅವನ ಮುಖಕ್ಕೆ ಆಡದ ಸಂಗತಿಯೊಂದಿತ್ತು. ವರ್ಷಗಳ ಹಿಂದೆ ಅವನ ಹೆಂಡತಿ ಉಪ್ಪು ತರುವ ದೋಣಿಯವನೊಡನೆ ಹೊರಟುಹೋಗಿದ್ದಳು. ಅಂದಿನಿಂದ ಲುಬ್ಬರ್ಟ್ ಸಂಜೆಯಾದರೆ ಕಾಲುವೆ ಕಡೆಯ ಕಿಟಕಿಯಲ್ಲಿ ಒಂದು ದೀಪ ಇಡುತ್ತಿದ್ದ. ಹೆಂಡದಂಗಡಿಯಲ್ಲಿ ಎಷ್ಟೇ ಕುಡಿದವರೂ ಅವನ ಎದುರು ಆ ದೀಪದ ಮಾತು ಎತ್ತಿದವರಲ್ಲ. ಹಿಲ್ಲೆ ಎತ್ತಿದಳು. ಅವಳು ಹೇಳಿದ ಸಾಲುಗಳನ್ನು ಕೇಳಿ ಮೇಷ್ಟ್ರು ಲೇಖನಿಯನ್ನು ಕೆಳಗಿಟ್ಟರು.

"ಇದನ್ನ ನಾನು ಬರೆಯಲ್ಲ ತಾಯಿ."

"ಪ್ರಾಸ ಸರಿ ಇಲ್ವಾ?"

"ಪ್ರಾಸ ಚೆನ್ನಾಗಿದೆ. ಅದಕ್ಕೇ ಬರೆಯಲ್ಲ."

"ಹಾಗಾದ್ರೆ ಇಲ್ಲಿ ಕೊಡಿ," ಎಂದು ಹಿಲ್ಲೆ ಲೇಖನಿ ಕಿತ್ತುಕೊಂಡು, ಸೊಟ್ಟಪಟ್ಟ ಅಕ್ಷರಗಳಲ್ಲಿ ತಾನೇ ಬರೆದು, ಮಡಿಸಿ, ಬುಟ್ಟಿಗೆ ಹಾಕಿದಳು.

ಹುಳಿಯನು ತಾಳದೆ ಓಡಿದಳವಳು ಉಪ್ಪಿನ ದೋಣಿಯ ಹತ್ತಿ;
ಯಾರಿಗೆ ಲುಬ್ಬ ಕಿಟಕಿಯಲಿನ್ನೂ ಉರಿಸುವೆ ದೀಪದ ಬತ್ತಿ?

ಆ ಸಂಜೆಯೇ ಬುಟ್ಟಿಗಳಿಗೆ ಅರಗಿನ ಮುದ್ರೆ ಬಿತ್ತು. ಆ ವಾರವೇ ಕಾಲುವೆ ಹೆಪ್ಪುಗಟ್ಟಿತು.

ಪಕ್ಕದ ಊರಿನ ದೋಣಿ ಎಲ್ಲೋ ಅರ್ಧ ದಾರಿಯಲ್ಲಿ ಮಂಜುಗಡ್ಡೆಗೆ ಸಿಕ್ಕಿಕೊಂಡಿತು. ಹಿಲ್ಲೆ ನೆನೆಹಾಕಿದ್ದ ಸಾಸಿವೆ ಉಬ್ಬಿ ಕೂತಿತ್ತು. ಅರೆಯಲು ವಿನೆಗರಿಲ್ಲ. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಕಹಿಯಾಗಿ ಎಲ್ಲವೂ ಚರಂಡಿಗೆ. ಅವಳು ಹೊಸಿಲ ಮೇಲೆ ನಿಂತು ಬೆಕ್ಕಿಗೆ ದೋಣಿಯವನ ಇಡೀ ವಂಶದ ಬಗ್ಗೆ ಹೇಳುತ್ತಿರುವಾಗ, ಎದುರು ದಡದ ಬಾಗಿಲು ತೆರೆಯಿತು. ಲುಬ್ಬರ್ಟ್ ಒಂದು ಪೀಪಾಯಿಯನ್ನು ಮಂಜಿನ ಮೇಲೆ ಉರುಳಿಸಿಕೊಂಡು ಬರತೊಡಗಿದ. ದಪ್ಪ ಆಳು, ಸಣ್ಣ ಹೆಜ್ಜೆ. ಕಾಲುವೆಯ ನಡುಮಧ್ಯಕ್ಕೆ ಬಂದಾಗ ಪೀಪಾಯಿ ಒಂದು ಕಡೆ ಹೋಯಿತು, ಲುಬ್ಬರ್ಟ್ ಇನ್ನೊಂದು ಕಡೆ ಹೋದ. ಕೊನೆಗೆ ಪೀಪಾಯಿ ಹಿಲ್ಲೆಯ ಮೆಟ್ಟಿಲಿಗೆ ಬಂದು ತಾಕಿತು. ಲುಬ್ಬರ್ಟ್ ಕೂತ ಭಂಗಿಯಲ್ಲೇ ಜಾರುತ್ತಾ ಅದರ ಹಿಂದೆ ಬಂದು ತಲುಪಿದ.

"ನಿನಗೋಸ್ಕರ ಅಲ್ಲ," ಎಂದ, ಏಳದೆಯೇ. "ಊರಿಗೆ ಸಾಸಿವೆ ಬೇಕಲ್ಲ, ಅದಕ್ಕೆ."

"ನೀರು ಎಷ್ಟು ಹಾಕಿದೀಯ?"

"ನೀನೇ ನೋಡು."

ಅವಳು ಬಿರಟೆ ತೆಗೆದು ಬೆರಳದ್ದಿ ನೆಕ್ಕಿದಳು. ಕಣ್ಣಿನಲ್ಲಿ ನೀರು ಬಂತು. ಎಷ್ಟು ವರ್ಷಗಳಿಂದ ಪಕ್ಕದ ಊರಿನ ತೆಳು ರಸವನ್ನು ಹೊಗಳಿಕೊಂಡು ಬದುಕಿದೆನಲ್ಲ ಎನ್ನಿಸಿತು. "ಪರವಾಗಿಲ್ಲ," ಎಂದಳು.

"ಪರವಾಗಿಲ್ವಂತೆ! ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ."

"ಎದ್ದೇಳು ಮೊದಲು. ಚಳಿಗೆ ಅಲ್ಲೇ ಅಂಟಿಕೊಂಡುಬಿಟ್ಟೀಯ. ಆಮೇಲೆ ಬೇಸಗೆ ತನಕ ನಿನ್ನ ಮುಖ ನೋಡ್ಕೊಂಡಿರೋ ಗತಿ ನನಗೆ."

ಲುಬ್ಬರ್ಟ್ ಎದ್ದು ಚಡ್ಡಿಯ ಹಿಂಭಾಗ ಕೊಡವಿಕೊಂಡ. ಹೊರಡುವವನ ಹಾಗೆ ತಿರುಗಿದವನು ನಿಂತ. "ಹಿಲ್ಲೆ, ಒಂದು ಮಾತು. ನೀನು ಜಗಳಗಂಟಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ದೀಪದ ವಿಷಯ... ಊರಿನವರೆಲ್ಲ ನನ್ನ ಬೆನ್ನ ಹಿಂದೆ ಆಡ್ಕೋತಾರೆ, ಗೊತ್ತು ನನಗೆ. ನೀನು ಮಾತ್ರ ಬೆಕ್ಕಿನ ಹತ್ರ ಕೂಡ ಅದನ್ನ ಆಡಿದ್ದು ನಾನು ಕೇಳಿಲ್ಲ. ಅದು ನನಗೆ ನೆನಪಿರುತ್ತೆ."

ಅಷ್ಟು ಹೇಳಿ ಅವನು ಸಣ್ಣ ಹೆಜ್ಜೆ ಇಡುತ್ತಾ ಮಂಜು ದಾಟಿ ಹೋದ. ಹಿಲ್ಲೆ ಬಿರಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

ಮಾರನೆಯ ದಿನವೇ ಅವಳು ಫ್ಲೋರಿಸನ ಮನೆಗೆ ಓಡಿದಳು.

"ಯಜಮಾನ್ರೇ, ನನ್ನ ಚೀಟಿ ಒಂದು ವಾಪಸ್ ಬೇಕು. ದುಡ್ಡು ನೀವೇ ಇಟ್ಕೊಳ್ಳಿ."

"ದುಡ್ಡು ಹೇಗೂ ನಾವೇ ಇಟ್ಕೋತೀವಿ," ಎಂದ ಫ್ಲೋರಿಸ್ ಮೆತ್ತಗೆ. "ಆದ್ರೆ ಮುದ್ರೆ ಒಡೆಯೋಕಾಗಲ್ಲ. ಒಂದು ಚೀಟಿ ತೆಗೆದ್ರೆ ಊರಿನ ಜನ ನನ್ನ ಗಡ್ಡ ಕಿತ್ತಾರು. ಏನು, ದೇವರ ವಿಷಯ ಏನಾದ್ರೂ ತಪ್ಪು ಬರೆದ್ಯಾ? ಪಾದ್ರಿಗಳ ಹತ್ರ ಹೇಳಿದ್ರೆ ಕ್ಷಮಿಸ್ತಾರೆ."

"ದೇವರ ಬಗ್ಗೆ ಆಗಿದ್ರೆ ಇಷ್ಟು ಹೆದರ್ತಿರ್ಲಿಲ್ಲ."

ಅಲ್ಲಿಂದ ಅವಳು ಪೌವೆಲ್ಸನ ಮನೆಗೆ ಹೋದಳು. ಪೌವೆಲ್ಸ್ ಊರಿನ ಡಂಗುರದವನು. ಅಟ್ಟದ ಮೇಲೆ ನಿಂತು ಪದ್ಯಗಳನ್ನು ಓದುವವನು ಅವನೇ. ಅವನ ಗಂಟಲಿಗೆ ಗಾಳಿಗಿರಣಿಯೂ ನಿಂತು ಕೇಳುತ್ತದೆ ಎಂದು ಹೆಸರು. ಹಿಲ್ಲೆ ಅವನ ಮೇಜಿನ ಮೇಲೆ ದೊಡ್ಡದೊಂದು ಜಾಡಿ ಸಾಸಿವೆ ಇಟ್ಟಳು.

"ಪೌವೆಲ್ಸ್, ಉಪ್ಪು ಅಂತ ಬರೋ ಪದ್ಯ ಒಂದಿದೆ. ಅದು ಬಂದಾಗ ಸ್ವಲ್ಪ ಕೆಮ್ಮಬೇಕು ನೀನು."

ಪೌವೆಲ್ಸನಿಗೆ ಅವಮಾನವಾಯಿತು. "ಅಕ್ಕಾ, ಹೋದ ಸಲ ಸೇತುವೆ ಕಟ್ಟೋಕೆ ಮಾಡಿದ ಲಾಟರಿಯಲ್ಲಿ ನನ್ನ ಹೆಂಡತೀನೇ ನನ್ನ ಗೊರಕೆ ಮೇಲೆ ಪದ್ಯ ಬರೆಸಿದ್ಲು. ಕೆಮ್ಮಿದ್ನಾ ನಾನು? ನಾಲ್ಕು ಬೀದಿಗೆ ಕೇಳೋ ಹಾಗೆ ಓದಿದೆ." ಅವನು ಜಾಡಿಯನ್ನು ಅವಳ ಕಡೆ ತಳ್ಳಿದ. ಆಮೇಲೆ ಮುಚ್ಚಳ ತೆಗೆದು ಮೂಸಿ ನೋಡಿ ತನ್ನ ಕಡೆಗೆ ಎಳೆದುಕೊಂಡ. "ಕೆಮ್ಮು ತಾನಾಗೇ ಬಂದ್ರೆ ಬೇರೆ ಮಾತು," ಎಂದ.

ಉಳಿದದ್ದು ಒಂದೇ ದಾರಿ. ಲುಬ್ಬರ್ಟ್ ಚೌಕಕ್ಕೆ ಬರದ ಹಾಗೆ ನೋಡಿಕೊಳ್ಳಬೇಕು. ಡ್ರಾ ಶುರುವಾಗುವುದು ಮಂಜು ಕರಗಿದ ಮೇಲೆ, ಈಸ್ಟರ್ ಮುಗಿಸಿಕೊಂಡು. ಅದಕ್ಕೆ ಒಂದು ವಾರವಿರುವಾಗ ಹಿಲ್ಲೆ ಸೇತುವೆ ದಾಟಿ ಅವನ ಅಂಗಡಿಗೆ ಹೋಗಿ ನಾಲ್ಕು ಪೀಪಾಯಿ ವಿನೆಗರ್ ಬೇಕೆಂದಳು. ತಕ್ಷಣ ಬೇಕು, ಅವನ ಕೈಯಾರೆಯೇ ಸೋಸಿ ಕೊಡಬೇಕು, ಆಳುಗಳ ಕೈಯಲ್ಲಿ ಕೊಡಕೂಡದು. ಲುಬ್ಬರ್ಟನ ಮುಖ ಅರಳಿತು. ಡ್ರಾ ಶುರುವಾದ ದಿನ ಇನ್ನೂ ನಾಲ್ಕು ಬೇಕೆಂದಳು. ಮೂರನೆಯ ದಿನ ಮತ್ತೆ. ಹಿಲ್ಲೆಯ ಮನೆಯ ಹಜಾರ ತುಂಬಿತು, ಮೆಟ್ಟಿಲ ಕೆಳಗೆ ತುಂಬಿತು, ಮಲಗುವ ಕೋಣೆಗೆ ಹೋಗಲು ಪೀಪಾಯಿಗಳ ಮೇಲೆ ಹತ್ತಿ ಇಳಿಯಬೇಕಾಯಿತು. ಬೆಕ್ಕು ಸಿಟ್ಟುಮಾಡಿಕೊಂಡು ಬೇಕರಿಯವನ ಮನೆಗೆ ಹೋಗಿ ಸೇರಿತು.

ಹಗಲೆಲ್ಲ ಅವಳು ಅಟ್ಟದ ಬುಡದಲ್ಲೇ ಇರುತ್ತಿದ್ದಳು. ಪೌವೆಲ್ಸ್ ಓದುತ್ತಿದ್ದ, ಅವನ ಪಕ್ಕದಲ್ಲಿ ಎರಡನೆಯ ಬುಟ್ಟಿಯವನು ಖಾಲಿ ಚೀಟಿ ಎತ್ತಿ ತೋರಿಸಿದರೆ ಇಡೀ ಚೌಕ ಒಟ್ಟಾಗಿ "ಏನಿಲ್ಲಾ!" ಎಂದು ಕೂಗುತ್ತಿತ್ತು. ಎಲ್ಲೋ ಒಂದೊಂದು ಸಲ ಬಹುಮಾನ ಬಂದರೆ ತುತ್ತೂರಿ ಊದಿಸಿ, ಆ ಪದ್ಯವನ್ನು ಮೂರು ಸಲ ಓದುತ್ತಿದ್ದರು. ಹಿಲ್ಲೆಯ ‘ಲುಬ್ಬ-ಒಬ್ಬ’ ಬಂತು. ಜನ ಬಿದ್ದು ಬಿದ್ದು ನಕ್ಕರು, ಏನಿಲ್ಲಾ ಎಂದು ಕೂಗಿದರು. ಅದರ ಹಿಂದೆಯೇ ಲುಬ್ಬರ್ಟನದು ಬಂತು:

ಹಿಟ್ಟಿಗೆ ಹಳದಿಯ ಬಳಿದು ಸಾಸಿವೆ ಎಂದು ಮಾರುವಳು ಹಿಲ್ಲೆ;
‘ಖಾರವು ಎಲ್ಲಿದೆ?’ ಎಂದರೆ ‘ನನ್ನ ನಾಲಿಗೆಯಲ್ಲಿದೆ, ನಿಲ್ಲೆ!’

ಹಿಲ್ಲೆಗೆ ನಗುವೇ ಬಂದುಬಿಟ್ಟಿತು. ಆದರೆ ಪ್ರತಿ ಸಲ ಪೌವೆಲ್ಸ್ ಬುಟ್ಟಿಗೆ ಕೈಹಾಕಿದಾಗಲೂ ಅವಳು ಕತ್ತು ಚಾಚಿ, ಚೀಟಿಯ ಮೇಲಿನ ಅಕ್ಷರ ಸೊಟ್ಟಗಿದೆಯೇ ಎಂದು ಇಣುಕುತ್ತಿದ್ದಳು. ಬುಟ್ಟಿ ಬರಿದಾಗುತ್ತಾ ಬಂತು. ಆ ಚೀಟಿ ಮಾತ್ರ ಬರಲಿಲ್ಲ. ಇಷ್ಟರ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು: ಪೌವೆಲ್ಸನ ಗಂಟಲು ಚೌಕದಲ್ಲಿ ನಿಲ್ಲುವಂಥದ್ದಲ್ಲ. ಗಾಳಿ ಈ ಕಡೆಯಿಂದ ಬೀಸಿದರೆ ಲುಬ್ಬರ್ಟ್ ತನ್ನ ನೆಲಮಾಳಿಗೆಯಲ್ಲಿ ಕೂತೇ ಎಲ್ಲವನ್ನೂ ಕೇಳಿಸಿಕೊಳ್ಳಬಹುದು. ಗಾಳಿ ಈ ಕಡೆಯಿಂದಲೇ ಬೀಸುತ್ತಿತ್ತು.

ನಾಳೆಗೆ ಬುಟ್ಟಿ ಮುಗಿಯುತ್ತದೆ ಎಂದು ಫ್ಲೋರಿಸ್ ಸಾರಿದ ಮಧ್ಯಾಹ್ನ, ಹಿಲ್ಲೆ ಸೀದಾ ಲುಬ್ಬರ್ಟನ ನೆಲಮಾಳಿಗೆಗೆ ಇಳಿದಳು. ಅವನು ಅಂಗಿಯ ತೋಳು ಮಡಚಿಕೊಂಡು, ವಿನೆಗರಿಗಾಗಿ ಹುಳಿಬಂದ ಬಿಯರನ್ನು ಸೋಸುತ್ತಿದ್ದ.

"ಇನ್ನೂ ಬೇಕಾ?" ಎಂದ ಸುಸ್ತಾಗಿ. "ಇಷ್ಟೆಲ್ಲ ಎಲ್ಲಿ ಸುರೀತೀಯ ನೀನು? ಸ್ನಾನಕ್ಕಾ?"

"ಬೇಡ. ನಿಲ್ಸು. ಲುಬ್ಬರ್ಟ್, ನಾನೊಂದು ಪದ್ಯ ಬರ್ದಿದೀನಿ."

"ಗೊತ್ತು. ಮುಖದ ಮೇಲೆ. ಇಲ್ಲಿಗೇ ಕೇಳಿಸ್ತು."

"ಅದಲ್ಲ." ಅವಳು ಸೆರಗಿನಂತೆ ಹೊದ್ದ ಶಾಲಿನ ತುದಿಯನ್ನು ತಿರುಚುತ್ತಾ, ನೆಲ ನೋಡುತ್ತಾ, ಆ ಎರಡು ಸಾಲನ್ನೂ ಅವನ ಮುಂದೆ ಹೇಳಿಬಿಟ್ಟಳು.

ಲುಬ್ಬರ್ಟ್ ಸೋಸುವ ಬಟ್ಟೆಯನ್ನು ಹಿಂಡಿದ. ಮತ್ತೆ ಹಿಂಡಿದ. ಅದರಲ್ಲಿ ಹಿಂಡಲು ಏನೂ ಉಳಿದಿರಲಿಲ್ಲ.

"ಇದನ್ನ ಮೇಷ್ಟ್ರು ಬರೆದ್ರಾ?"

"ಅವರು ಒಪ್ಪಲಿಲ್ಲ. ನಾನೇ ಬರೆದೆ. ನೀನು ಪೀಪಾಯಿ ತರೋದಕ್ಕೆ ಮುಂಚೆ. ವಾಪಸ್ ಕೇಳಿದೆ, ಕೊಡ್ಲಿಲ್ಲ. ನಿನಗೆ ಕೇಳಿಸ್ದೇ ಇರ್ಲಿ ಅಂತ ಈ ಹಾಳು ವಿನೆಗರನ್ನೆಲ್ಲ ಕೊಂಡೆ. ಹಾಸಿಗೆ ಪಕ್ಕದಲ್ಲೂ ಪೀಪಾಯಿ ಇಟ್ಕೊಂಡು ಮಲಗ್ತಿದೀನಿ."

ಲುಬ್ಬರ್ಟ್ ಒಂದು ಪೀಪಾಯಿಯ ಮೇಲೆ ಕೂತ. ಅವನ ಮುಖದಲ್ಲಿ ಸಿಟ್ಟು ಬರುತ್ತದೆಂದು ಹಿಲ್ಲೆ ಕಾದಳು. ಬಂದದ್ದು ಬೇರೆಯೇ ಏನೋ. ಕದ್ದು ಸಿಕ್ಕಿಬಿದ್ದವನ ಮುಖ.

"ಅವತ್ತು ಮಂಜಿನ ಮೇಲೆ ಆ ಪೀಪಾಯಿ ನಾನು ಸುಮ್ಮನೆ ತಂದಿದ್ದಲ್ಲ," ಎಂದ. "ಮುದ್ರೆ ಬೀಳೋ ದಿನ ನಾನೂ ಒಂದು ಹಾಕಿದೆ. ಹಾಕಿ, ಮನೆಗೆ ನಗ್ತಾ ಬಂದೆ. ರಾತ್ರಿ ಊಟ ಸೇರಲಿಲ್ಲ."

"ಏನು ಹಾಕಿದೆ?"

"ಬೇಡ ಬಿಡು."

"ನಾನು ಹೇಳಿದ್ನಲ್ಲ! ಹೇಳೋ."

ಲುಬ್ಬರ್ಟ್ ಗೋಡೆಯ ಕಡೆ ತಿರುಗಿ ಹೇಳಿದ:

"ಹಿಲ್ಲೆಯ ಗಂಡನು ಗೋರಿಗೆ ಹೋದನು, ಜ್ವರವೆಂಬುದು ಬರಿ ನೆಪ;
ಆರಡಿ ಮಣ್ಣನು ಹೊದ್ದರೆ ತಾನೇ ಸಿಕ್ಕೀತು ಮೌನದ ತಪ!"

ಹಿಲ್ಲೆ ಕೈಗೆ ಸಿಕ್ಕ ಸೌಟನ್ನು ಎತ್ತಿಕೊಂಡಳು.

"ನನ್ನ ಗಂಡನ ಮೇಲೆ ಬರ್ದೆಯಾ! ಸತ್ತವನ ಮೇಲೆ!"

"ನೀನು ನನ್ನ ಹೆಂಡತಿ ಮೇಲೆ ಬರೀಲಿಲ್ವಾ?"

"ನಿನ್ನ ಹೆಂಡತಿ ಬದುಕಿದಾಳಲ್ಲೋ!"

"ಅದೇ ಅಲ್ವೇನೇ ಕಷ್ಟ!"

ಈ ಮಾತು ಬಾಯಿಂದ ಬಿದ್ದ ಮೇಲೆ ಲುಬ್ಬರ್ಟನೇ ಬೆಚ್ಚಿ ನಿಂತ. ಹಿಲ್ಲೆ ಸೌಟು ಎತ್ತಿದ್ದವಳು ಎತ್ತಿದ ಹಾಗೇ ಇದ್ದಳು. ಮೊದಲು ನಕ್ಕದ್ದು ಯಾರೆಂದು ಆಮೇಲೆ ಇಬ್ಬರೂ ವಾದ ಮಾಡಿದರು. ನಕ್ಕದ್ದಂತೂ ನಿಜ, ಪಕ್ಕೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು. ಮೇಲಿನ ಬೀದಿಯಲ್ಲಿ ಹೋಗುತ್ತಿದ್ದ ಬೇಕರಿಯವನು ಇವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದಾರೆಂದು ಕಾವಲಿನವನನ್ನು ಕರೆಯಲು ಓಡಿದ.

"ಆ ದೀಪ..." ಎಂದಳು ಹಿಲ್ಲೆ, ಉಸಿರು ತೆಗೆದುಕೊಂಡು.

"ಮೊದಲನೇ ವರ್ಷ ಅವಳಿಗೆ ಇಟ್ಟಿದ್ದು. ಸುಳ್ಳು ಯಾಕೆ ಹೇಳ್ಲಿ? ಆಮೇಲೆ ಅಭ್ಯಾಸ ಆಗೋಯ್ತು. ತೆಗೆದ್ರೆ, ಲುಬ್ಬರ್ಟ್ ಆಸೆ ಬಿಟ್ಟ ಅಂತ ಊರೆಲ್ಲ ಬಂದು ಸಮಾಧಾನ ಹೇಳುತ್ತೆ. ಅದಕ್ಕಿಂತ ಎಣ್ಣೆ ಖರ್ಚೇ ಕಮ್ಮಿ."

ಮರುದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೊನೆಯ ದಿನವೆಂದು ಹಳ್ಳಿಗಳಿಂದಲೂ ಜನ ಬಂದಿದ್ದರು. ಸಾಸಿವೆಯ ಹಿಲ್ಲೆಯೂ ವಿನೆಗರಿನ ಲುಬ್ಬರ್ಟನೂ ಅಕ್ಕಪಕ್ಕ ನಿಂತಿರುವುದನ್ನು ಕಂಡವರು ಪಕ್ಕದವರನ್ನು ಮೊಣಕೈಯಿಂದ ತಿವಿದರು. ಫ್ಲೋರಿಸ್ ಅಟ್ಟದ ಮೇಲಿಂದ ಇಬ್ಬರನ್ನೂ ನೋಡಿದ. ಅವನ ಮುಖದಲ್ಲಿ, ಒಳ್ಳೆಯ ಗಿರಾಕಿಯೊಬ್ಬ ಕೈತಪ್ಪಿದಾಗ ಬರುವ ಕಳವಳವಿತ್ತು.

ಲುಬ್ಬರ್ಟನ ಚೀಟಿ ಮೊದಲು ಬಂತು. ಪೌವೆಲ್ಸ್ ಹಿಲ್ಲೆಯ ಗಂಡನನ್ನೂ ಗೋರಿಯನ್ನೂ ಓದುವಾಗ ಅವನ ದನಿ ಅರಿವಿಲ್ಲದೆಯೇ ತಗ್ಗಿತು. ಜನ ನಗಬೇಕೋ ಬೇಡವೋ ಎಂದು ಹಿಲ್ಲೆಯ ಮುಖ ನೋಡಿದರು. ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಏನೋ ಪೌವೆಲ್ಸ್, ಗಂಟಲಿಗೆ ಏನಾಗಿದೆ? ಚರ್ಚಿನ ಹಿಂದೆ ಮಲಗಿದಾರೆ ನನ್ನ ಯಜಮಾನ್ರು. ಇಷ್ಟು ಮೆತ್ತಗೆ ಓದಿದ್ರೆ ಆರಡಿ ಕೆಳಗೆ ಕೇಳುತ್ತಾ?"

ಚೌಕ ಸಿಡಿಯಿತು. ಎರಡನೆಯ ಬುಟ್ಟಿಯವನು ಖಾಲಿ ಚೀಟಿ ಎತ್ತಿದ. "ಏನಿಲ್ಲಾ!" ಎಂದು ಊರು ಕೂಗಿತು.

ಹಿಲ್ಲೆಯದು ಬಂದದ್ದು ಬುಟ್ಟಿಯ ತಳದಿಂದ. ಪೌವೆಲ್ಸ್ ಸೊಟ್ಟ ಅಕ್ಷರಗಳನ್ನು ನೋಡಿದ, ಹಿಲ್ಲೆಯನ್ನು ನೋಡಿದ, ಮತ್ತೆ ಕಣ್ಣು ಮುಚ್ಚಿಕೊಂಡವನ ಹಾಗೆ ಗಡಗಡನೆ ಓದಿ ಮುಗಿಸಿದ. ಉಪ್ಪಿನ ದೋಣಿ ಎಂಬ ಮಾತು ಬಂದದ್ದೇ ಚೌಕದ ಉಸಿರು ನಿಂತಿತು. ಇದನ್ನು ಯಾರೂ ಆಡುವಂತಿರಲಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಈಗ ಒಂದು ‘ಏನಿಲ್ಲಾ’ ಬಂದರೆ ಸಾಕು, ಎಲ್ಲ ಮುಗಿದುಹೋಗುತ್ತದೆ ಎಂದು ಹಿಲ್ಲೆ ಉಗುರು ಕಚ್ಚಿಕೊಂಡಳು.

ಎರಡನೆಯವನು ತನ್ನ ಚೀಟಿ ಬಿಡಿಸಿ, ಕತ್ತು ಉದ್ದ ಮಾಡಿ ಓದಿದ. "ಬೆಳ್ಳಿಯ ಉಪ್ಪಿನ ಬಟ್ಟಲು!"

ತುತ್ತೂರಿಯವನಿಗೆ ಪರಿಸ್ಥಿತಿ ಅರ್ಥವಾಗುವಂತಿರಲಿಲ್ಲ. ಅವನು ಹೊರಗಿನ ಊರಿನವನು. ಕೆನ್ನೆ ಉಬ್ಬಿಸಿ ಭರ್ಜರಿಯಾಗಿ ಊದಿದ. ನಿಯಮದಂತೆ ಪದ್ಯವನ್ನು ಇನ್ನೂ ಎರಡು ಸಲ ಓದಬೇಕು.

ಪೌವೆಲ್ಸ್ ಓದತೊಡಗಿದ. "ಹುಳಿಯನು ತಾಳದೆ ಓಡಿದಳವಳು..." ಅಲ್ಲಿಗೆ ಅವನಿಗೆ ಕೆಮ್ಮು ಬಂತು. ತಾನಾಗೇ ಬಂತೋ, ಸಾಸಿವೆಯ ಜಾಡಿ ನೆನಪಾಗಿ ಬಂತೋ, ಅಂತೂ ಜೋರಾಗಿ ಬಂತು. ಕೆಮ್ಮುತ್ತಾ ಕೆಮ್ಮುತ್ತಾ ಅವನು ಉಳಿದದ್ದನ್ನು ನುಂಗಿಬಿಡಲು ನೋಡಿದ.

"ಏಯ್!" ಲುಬ್ಬರ್ಟ್ ಕೆಳಗಿನಿಂದ ಕೂಗಿದ. "ದೋಣಿ ಹತ್ತಿದ್ಲು, ಹತ್ತಿದ್ಲು ಕಣಯ್ಯಾ! ಓದು ಮುಂದಕ್ಕೆ! ಬಹುಮಾನ ಬಂದಿರೋ ಪದ್ಯ ಅದು, ಅರ್ಧಕ್ಕೆ ಬಿಟ್ರೆ ಲಾಟರಿ ಕೆಡುತ್ತೆ!"

ಪೌವೆಲ್ಸ್ ಬೆವರೊರೆಸಿಕೊಂಡು ಎರಡನೆಯ ಸಲ ಪೂರ್ತಿ ಓದಿದ. ಮೂರನೆಯ ಸಲ, ‘ಯಾರಿಗೆ ಲುಬ್ಬ’ ಎಂಬಲ್ಲಿಗೆ ಅವನು ಬಂದಾಗ, ಲುಬ್ಬರ್ಟ್ ಜನರ ಕಡೆ ತಿರುಗಿ ನಿಂತ. ಅವನ ಕಿವಿಗಳು ಕೆಂಪಾಗಿದ್ದವು. ದನಿ ಮಾತ್ರ ಗಟ್ಟಿಯಾಗಿತ್ತು.

"ಯಾರಿಗೆ ಅಂತ ಹೇಳ್ತೀನಿ, ಕೇಳಿ. ಹೆಂಡದಂಗಡಿಯಿಂದ ಆ ದಾರೀಲಿ ಬರ್ತೀರಲ್ಲ, ನಿಮಗೆ! ಏನಪ್ಪಾ ಕಾವಲಿನವನೇ, ನಿನ್ನ ಎರಡು ಸಲ ಕಾಲುವೆಯಿಂದ ಎತ್ತಿದ್ದು ಯಾವ ಬೆಳಕಲ್ಲಿ? ಪೌವೆಲ್ಸ್, ನಿನ್ನ ಟೋಪಿ ಸಿಕ್ಕಿದ್ದು ಯಾವ ಬೆಳಕಲ್ಲಿ? ಮೇಷ್ಟ್ರೇ, ಮರೆಯಾಗಬೇಡಿ, ನಿಮ್ಮನ್ನೂ ನೋಡಿದೀನಿ ನಾನು!"

ಆಂಬ್ರೋಸ್ ಮೇಷ್ಟ್ರು ಹೊಸ ಕೋಟಿನ ಕಾಲರಿನಲ್ಲಿ ಮುಖ ಹುದುಗಿಸಿಕೊಂಡರು. ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಚೌಕವು ಒಮ್ಮೆಲೇ ನಕ್ಕಿತು. ಪಾದ್ರಿಗಳೂ ನಕ್ಕರು. ವರ್ಷಗಳಿಂದ ಯಾರೂ ಆಡದಿದ್ದ ಮಾತು ಹೀಗೆ ಹಾಡುಹಗಲು, ತುತ್ತೂರಿಯೊಂದಿಗೆ, ಮೂರು ಸಲ ಆಡಿ ಮುಗಿಯಿತು. ಮನೆಗೆ ಹೋಗುವಾಗ ಎಷ್ಟೋ ಜನ ಲುಬ್ಬರ್ಟನ ಬೆನ್ನು ತಟ್ಟಿ ಹೋದರು.

ಹಿಲ್ಲೆ ಅಟ್ಟ ಹತ್ತಿ ಬಟ್ಟಲನ್ನು ಇಸಿದುಕೊಂಡು ಬಂದು ಅವನ ಕೈಗೆ ಇಡಲು ಹೋದಳು. ಲುಬ್ಬರ್ಟ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡಮ್ಮ. ಉಪ್ಪಿನ ಸಹವಾಸ ಸಾಕು ನನಗೆ."

ಬಟ್ಟಲನ್ನು ಅವಳು ವೃದ್ಧರ ಮನೆಗೇ ಕೊಟ್ಟಳು. ಲುಬ್ಬರ್ಟ್ ವಿನೆಗರಿನ ಪೀಪಾಯಿಗಳನ್ನು ವಾಪಸು ತೆಗೆದುಕೊಳ್ಳಲು ಮಾತ್ರ ಸುತರಾಂ ಒಪ್ಪಲಿಲ್ಲ. ಮಾರಿದ ಸರಕು ಮಾರಿದ್ದೇ ಎಂದ. ಬೇಕಾದರೆ ಅರೆಯುವ ಕಲ್ಲು ತಿರುಗಿಸಲು ಕೈ ಕೊಡುತ್ತೇನೆಂದ. ಆ ಬೇಸಗೆಯೆಲ್ಲ ಅವನು ಬೆಳಿಗ್ಗೆ ಸೇತುವೆ ದಾಟಿ ಬಂದು ಕಲ್ಲು ತಿರುಗಿಸಿದ. ಹಿಲ್ಲೆ ಅವನ ಕೈ ನಿಧಾನವೆಂದು ಬೈದಳು. ಸಾಸಿವೆ ಎಷ್ಟಾಯಿತೆಂದರೆ ಸುತ್ತಲ ಊರುಗಳಿಗೆ ಕಳಿಸಿದರೂ ಮುಗಿಯಲಿಲ್ಲ. ಬಿಟ್ಟುಹೋದ ಹೆಂಡತಿಯಿಂದ ಬಿಡುಗಡೆ ಕೇಳಿ ಲುಬ್ಬರ್ಟ್ ನ್ಯಾಯಾಧಿಕಾರಿಗಳ ಹತ್ತಿರ ಹೋಗಿದ್ದಾನೆಂಬ ಸುದ್ದಿಯೂ ಹಬ್ಬಿತು. ಕೇಳಿದರೆ ಇಬ್ಬರೂ ಮಾತು ತಿರುಗಿಸುತ್ತಿದ್ದರು.

ಮುಂದಿನ ವರ್ಷ ಸುಗ್ಗಿಯ ಹೊತ್ತಿಗೆ ವೃದ್ಧರ ಮನೆ ಎದ್ದು ನಿಂತಿತು, ಹೆಂಚಿನ ಸಮೇತ. ಚರ್ಚಿನ ಮೊಗಸಾಲೆಯಲ್ಲಿ ಮಲಗುತ್ತಿದ್ದವರೆಲ್ಲ ತಮ್ಮ ತಮ್ಮ ಮಂಚಗಳನ್ನು ಒತ್ತಿ ನೋಡಿ, ಕಿಟಕಿ ಯಾರ ಪಾಲಿಗೆ ಎಂದು ಆಗಲೇ ಕಿತ್ತಾಟ ಶುರುಮಾಡಿದ್ದರು. ಪ್ರಾರಂಭದ ದಿನ ಹೆಚ್ಚು ಚೀಟಿ ಕೊಂಡವರಿಗೆಲ್ಲ ಫ್ಲೋರಿಸ್ ಅಲ್ಲೇ ಊಟ ಹಾಕಿಸಿದ. ಯಾವುದಕ್ಕೂ ಇರಲಿ ಎಂದು ಹಿಲ್ಲೆಯನ್ನು ಉದ್ದನೆಯ ಮೇಜಿನ ಈ ತುದಿಗೂ ಲುಬ್ಬರ್ಟನನ್ನು ಆ ತುದಿಗೂ ಕೂರಿಸಿದ. ಬಟಾಣಿಯ ಗಂಜಿ ಬಡಿಸುವವರೆಗೆ ಲುಬ್ಬರ್ಟ್ ಅಲ್ಲೇ ಕೂತಿದ್ದ. ಆಮೇಲೆ ತಟ್ಟೆ, ಚಮಚ, ಬಿಯರಿನ ಲೋಟ ಎಲ್ಲವನ್ನೂ ಎತ್ತಿಕೊಂಡು, ಮುದುಕರ ತಲೆಗಳ ಮೇಲೆ ಚೆಲ್ಲುತ್ತಾ, ಮೇಜಿನ ಉದ್ದಕ್ಕೂ ನಡೆದು ಬಂದು ಹಿಲ್ಲೆಯ ಪಕ್ಕ ನಿಂತ.

"ಅಲ್ಲಿ ಗಾಳಿ ಬರುತ್ತೆ," ಎಂದ.

"ಇಲ್ಲಿ ಜಾಗ ಎಲ್ಲಿದೆ?" ಎಂದಳು ಹಿಲ್ಲೆ. ಹಾಗೆನ್ನುತ್ತಲೇ ಲಂಗ ಒತ್ತರಿಸಿಕೊಂಡು ಬೆಂಚಿನ ಮೇಲೆ ಸರಿದು ಕೂತಳು.